ಸೀಟು ಇತ್ತು, ಕುರ್ಚಿ ಇರಲಿಲ್ಲ

ನನ್ನ ಜೊತೆ ಬಿಇ ಓದಿದ ಗೆಳೆಯನೊಬ್ಬ ಆಮೇಲೆ ಸಾರಿಗೆ ಯೋಜನೆಯಲ್ಲಿ ಎಂಟೆಕ್ ಮಾಡಿದ. ಈಗ ನನ್ನ ಹಾಗೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಟೆಸ್ಟಿಂಗ್ ಮಾಡ್ತಾನೆ. ಯಾಕೋ ಹೀಗೆ ಅಂತ ಕೇಳಿದ್ರೆ, "ಓದೋಕೆ ಸೀಟು ಇತ್ತು ಮಾರಾಯ, ಕೂರೋಕೆ ಕುರ್ಚಿ ಇರಲಿಲ್ಲ" ಅಂದ. ಆಗ ನಕ್ಕಿದ್ದೆ. ಈ ವೃತ್ತಿ ಬೆಳೆದ ಕಥೆ ಓದಿದ ಮೇಲೆ ಅದು ತಮಾಷೆ ಅಲ್ಲ ಅನ್ನಿಸಿತು.

ಸಾರಿಗೆ ಯೋಜಕ ಅಂದ್ರೆ ಡಾಂಬರು ಹಾಕಿಸೋ ಇಂಜಿನಿಯರ್ ಅಲ್ಲ. ಒಂದು ಊರಿಂದ ದಿನಾ ಎಷ್ಟು ಜನ ಹೊರಡ್ತಾರೆ, ಎಲ್ಲಿಗೆ ಹೋಗ್ತಾರೆ, ಬಸ್ಸಲ್ಲೋ ಬೈಕಲ್ಲೋ, ಯಾವ ದಾರಿಯಲ್ಲಿ? ಈ ನಾಲ್ಕು ಪ್ರಶ್ನೆಗೆ ಲೆಕ್ಕ ಹಾಕಿ, ಅಲ್ಲಿಗೆ ಬೇಕಾಗಿರೋದು ರಸ್ತೆಯೋ ಬಸ್ಸೋ ಅಂತ ಹೇಳುವವನು.

ಈ ಲೆಕ್ಕ ಒಂದು ಕಸುಬಾಗಿ ರೂಪುಗೊಂಡಿದ್ದು ಅಮೆರಿಕದಲ್ಲಿ. 1953ರಲ್ಲಿ ಡೆಟ್ರಾಯಿಟ್, 1955ರಲ್ಲಿ ಶಿಕಾಗೊ. ಎರಡೂ ಅಧ್ಯಯನಗಳ ಮುಖ್ಯಸ್ಥ ಜೆ. ಡಗ್ಲಸ್ ಕ್ಯಾರಲ್. ಮನೆಮನೆಗೆ ಹೋಗಿ ಜನರ ಓಡಾಟ ಬರೆದುಕೊಂಡರು, ಶಿಕಾಗೊದಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡಿದರು. ಆದರೆ ಅಧ್ಯಯನ ಮುಗಿದರೆ ಕೆಲಸವೂ ಮುಗಿಯುತ್ತದಲ್ಲ? ಅದನ್ನು ಬದಲಿಸಿದ್ದು 1962ರ ಹೆದ್ದಾರಿ ಕಾಯ್ದೆ. 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳಲ್ಲಿ ಸಾರಿಗೆ ಯೋಜನೆ ನಡೆಯದಿದ್ದರೆ 1965ರ ಜುಲೈ 1ರ ನಂತರ ಹೆದ್ದಾರಿಗೆ ಕೇಂದ್ರದ ದುಡ್ಡಿಲ್ಲ ಅಂದಿತು. ಆ ಯೋಜನೆ ಸಮಗ್ರವಾಗಿರಬೇಕು, ಎಲ್ಲರ ಸಹಕಾರದಿಂದ ಆಗಬೇಕು, ಮತ್ತು 'ನಿರಂತರ'ವಾಗಿರಬೇಕು. ನನ್ನ ಪ್ರಕಾರ ಕುರ್ಚಿ ಹುಟ್ಟಿದ್ದು ಆ ಕೊನೆಯ ಪದದಿಂದ. ನಿರಂತರ ಕೆಲಸಕ್ಕೆ ಖಾಯಂ ಜನ ಬೇಕು.

ನಮ್ಮಲ್ಲಿ? ರಸ್ತೆ ಇಂಜಿನಿಯರುಗಳಿಗೆ 1934ರಲ್ಲೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಂತು. ನಗರ ಯೋಜಕರು 1951ರಲ್ಲಿ ತಮ್ಮ ಸಂಸ್ಥೆ ಕಟ್ಟಿಕೊಂಡರು. 1955ರಲ್ಲಿ ದೆಹಲಿಯಲ್ಲಿ ಅವರಿಗೊಂದು ಶಾಲೆಯೂ ಆಯ್ತು. ಸಾರಿಗೆ ಯೋಜಕ ಇವರಿಬ್ಬರ ನಡುವೆ ಸಿಕ್ಕಿಕೊಂಡ. ಆ ಕಡೆಯವರಿಗೆ ಇವನು ಪೂರಾ ಇಂಜಿನಿಯರ್ ಅಲ್ಲ, ಈ ಕಡೆಯವರಿಗೆ ಪೂರಾ ಯೋಜಕನೂ ಅಲ್ಲ. ಬ್ರಿಟನ್ನಿನಲ್ಲೂ ಇದೇ ಗೋಳಿತ್ತು. 1997ರಲ್ಲಿ ಅಲ್ಲಿ ಟ್ರಾನ್ಸ್‌ಪೋರ್ಟ್ ಪ್ಲಾನಿಂಗ್ ಸೊಸೈಟಿ ಶುರುವಾಯ್ತು. ಭೂಗೋಳ ಓದಿದವನೂ ಅರ್ಥಶಾಸ್ತ್ರ ಓದಿದವಳೂ ಕೆಲಸದ ಅನುಭವ ತೋರಿಸಿ ಪಡೆಯಬಹುದಾದ ವೃತ್ತಿ ಅರ್ಹತೆಯೊಂದು ಆಮೇಲೆ ಬಂತು.

ಭಾರತದಲ್ಲಿ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಈ ವಿಷಯಕ್ಕೆ ಗಮನ ಕೊಟ್ಟಿತು. 2017ರ ಮೆಟ್ರೊ ನೀತಿಯಂತೂ ಸಮಗ್ರ ಸಂಚಾರ ಯೋಜನೆ ಇಲ್ಲದೆ ಮೆಟ್ರೊಗೆ ಕೇಂದ್ರದ ನೆರವಿಲ್ಲ ಅಂದಿತು. ಅಮೆರಿಕದ ಷರತ್ತೇ, ಆದರೆ ನಾವು ಅದನ್ನು ಹೆಚ್ಚಾಗಿ ಒಂದು ವರದಿ ಅಂತ ಅರ್ಥ ಮಾಡಿಕೊಂಡ್ವಿ. ಟೆಂಡರ್ ಕರೀತಾರೆ, ಕನ್ಸಲ್ಟೆಂಟ್ ಬರ್ತಾರೆ, ಎಣಿಸ್ತಾರೆ, ದಪ್ಪ ಪುಸ್ತಕ ಕೊಟ್ಟು ಹೋಗ್ತಾರೆ. ಆ ಪುಸ್ತಕದ ಅಂಕಿಗಳನ್ನು ಮುಂದಿನ ವರ್ಷ ತಿದ್ದೋಕೆ ಪಾಲಿಕೆಯಲ್ಲಿ ಯಾರೂ ಇರೋದಿಲ್ಲ.

ಕರ್ನಾಟಕ ಸ್ವಲ್ಪ ಮುಂದಿದೆ, ಅದನ್ನು ಒಪ್ಪಬೇಕು. 2007ರಲ್ಲೇ ನಗರ ಭೂ ಸಾರಿಗೆ ನಿರ್ದೇಶನಾಲಯ ಮಾಡಿತು. ಬೆಂಗಳೂರಿಗೆ ಭೂ ಸಾರಿಗೆ ಪ್ರಾಧಿಕಾರ ರಚಿಸುವ 2022ರ ಕಾಯ್ದೆಯೂ ಇದೆ. ಅದರ ಸುದ್ದಿಯನ್ನು ಗೆಳೆಯನಿಗೆ ಕಳಿಸಿದೆ. ರಾತ್ರಿ ಉತ್ತರ ಬಂತು: "ಖಾಯಂ ಹುದ್ದೆ ಎಷ್ಟು ಅಂತ ಬರೆದಿದಾರಾ ನೋಡಿ ಹೇಳು."