ಸರಿಪಡಿಸಿದ ಹಲ್ಲನ್ನು ಕಾಯುವವರು ಯಾರು?

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಸಹಪಾಠಿಗಳು ನಿಮ್ಮ ತರಗತಿಯಲ್ಲಿ ಒಬ್ಬಿಬ್ಬರಾದರೂ ಇರಬಹುದು, ನೀವೇ ಹಾಕಿಸಿಕೊಂಡಿರಲೂಬಹುದು. ಕ್ಲಿಪ್ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಆಗಲೇ ವೈದ್ಯರು ಇನ್ನೊಂದು ಸಾಧನವನ್ನು ಕೊಡುತ್ತಾರೆ. ಅದೇ ರಿಟೈನರ್. ಸರಿಹೋದ ಹಲ್ಲನ್ನು ಹೊಸ ಜಾಗದಲ್ಲಿಯೇ ಹಿಡಿದಿಡುವುದು ಅದರ ಕೆಲಸ. ಅದು ಏಕೆ ಬೇಕಾಯಿತು? ಯಾವುದನ್ನು ತೊಡಬೇಕೆಂಬ ಮಾತಿನಲ್ಲಿ ರೋಗಿಗೂ ಪಾಲು ದೊರೆತದ್ದು ಹೇಗೆ? ನೋಡೋಣ.

ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿಯೇ, ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಬಿಗಿದು ಸಾಲಿಗೆ ತರುವ ವಿಧಾನವಿದೆ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ವರ್ಗೀಕರಿಸಿ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟರು. ಹಲ್ಲನ್ನು ಸರಿಸುವುದನ್ನು ಕಲಿತವರಿಗೆ ಬೇರೊಂದು ತೊಡಕು ಎದುರಾಯಿತು: ಸರಿಸಿದ ಹಲ್ಲು ಹಳೆಯ ಜಾಗಕ್ಕೆ ಮರಳುತ್ತಿತ್ತು.

ಕಾರಣವೇನು? ಹಲ್ಲು ಗೋಡೆಗೆ ಹೊಡೆದ ಮೊಳೆಯಂತಲ್ಲ. ಸೂಕ್ಷ್ಮ ನಾರುಗಳು ಅದನ್ನು ದವಡೆಯ ಮೂಳೆಗೂ ವಸಡಿಗೂ ಬಿಗಿದಿರುತ್ತವೆ. ಹಲ್ಲು ಸರಿದಾಗ ಈ ನಾರುಗಳು ಎಳೆದ ಹಗ್ಗದಂತಾಗುತ್ತವೆ. ಮೂಳೆಯೊಳಗಿನ ನಾರುಗಳು ಕೆಲವು ತಿಂಗಳಲ್ಲಿ ಹೊಸ ಸ್ಥಿತಿಗೆ ಹೊಂದಿಕೊಂಡರೂ ವಸಡಿನ ನಾರುಗಳು ಬಹುಕಾಲ ಸೆಳೆಯುತ್ತಲೇ ಇರುತ್ತವೆಂದು ನಾರ್ವೆಯ ಕೋರೆ ರೈಟನ್ ತಮ್ಮ ಸಂಶೋಧನೆಗಳಲ್ಲಿ ತೋರಿಸಿದರು. ಇದಲ್ಲದೆ, ವಯಸ್ಸಾದಂತೆ ಕೆಳದವಡೆಯ ಮುಂದಿನ ಹಲ್ಲುಗಳು ಒತ್ತೊತ್ತಾಗುವುದು ಚಿಕಿತ್ಸೆ ಪಡೆಯದವರಲ್ಲಿಯೂ ಉಂಟು.

1919ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲೆ ಒಂದು ಉಪಾಯವನ್ನು ಪ್ರಕಟಿಸಿದರು: ಅಂಗುಳಕ್ಕೆ ಕೂರುವ ಒಂದು ತಟ್ಟೆ, ಮುಂದಿನ ಹಲ್ಲುಗಳನ್ನು ಬಳಸುವ ಒಂದು ತಂತಿ. ಅದು ಅವರ ಹೆಸರಿನಲ್ಲಿಯೇ ಇಂದಿಗೂ ಬಳಕೆಯಲ್ಲಿದೆ. ಊಟಕ್ಕೆ ತೆಗೆಯಬಹುದು, ತೊಳೆದು ಮತ್ತೆ ತೊಡಬಹುದು. ಹೀಗೆ ಚಿಕಿತ್ಸೆಯ ಯಶಸ್ಸು ರೋಗಿಯ ಕೈಗೆ ಬಂದಿತು. ಆದರೆ ಆತನಿಗಿದ್ದ ಆಯ್ಕೆ ತೊಡುವುದು ಅಥವಾ ಬಿಡುವುದು, ಅಷ್ಟೆ.

ನಿಜವಾದ ಆಯ್ಕೆ ಬಂದದ್ದು ಮುಂದೆ. 1955ರಲ್ಲಿ ಮೈಕೇಲ್ ಬ್ಯೂನೊಕೋರ್, ಹಲ್ಲಿನ ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲ ಸವರಿದರೆ ರಾಳ ಗಟ್ಟಿಯಾಗಿ ಅಂಟುತ್ತದೆಂದು ತೋರಿಸಿದರು. ಇದರ ಫಲವಾಗಿ 1970ರ ದಶಕದಲ್ಲಿ ಹಲ್ಲಿನ ಹಿಂಬದಿಗೆ ತೆಳುತಂತಿ ಅಂಟಿಸುವ ಪದ್ಧತಿ ಬಂದಿತು. ಇದು ಹೊರಗೆ ಕಾಣದು, ತೊಡಲು ಮರೆಯುವ ಮಾತಿಲ್ಲ. ಆದರೆ ಶುಚಿಗೊಳಿಸುವುದು ಕಷ್ಟ, ಅಂಟು ಬಿಟ್ಟರೆ ತಿಳಿಯದೆ ಹೋಗಬಹುದು. 1971ರಲ್ಲಿ ರಾಬರ್ಟ್ ಪೊನಿಟ್ಜ್ ಪಾರದರ್ಶಕ ಪ್ಲಾಸ್ಟಿಕ್ ರಿಟೈನರನ್ನು ವಿವರಿಸಿದರು. ಹಾಳೆಯನ್ನು ಕಾಯಿಸಿ, ಹಲ್ಲಿನ ಅಚ್ಚಿನ ಮೇಲೆ ನಿರ್ವಾತದಿಂದ ಸೆಳೆದು ಇದನ್ನು ಮಾಡುತ್ತಾರೆ. 1993ರಲ್ಲಿ ಜಾನ್ ಶೆರಿಡನ್ ಮತ್ತು ಸಹೋದ್ಯೋಗಿಗಳ ಲೇಖನದ ಬಳಿಕ ಇದು ಜನಪ್ರಿಯವಾಯಿತು.

ಎಷ್ಟು ಕಾಲ ತೊಡಬೇಕು? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ತಜ್ಞರು, ರಿಟೈನರ್ ಬಿಟ್ಟು 20 ವರ್ಷ ಕಳೆದವರ ಹಲ್ಲುಗಳನ್ನು ಪರಿಶೀಲಿಸಿ 1988ರಲ್ಲಿ ವರದಿ ಮಾಡಿದರು. ಕೆಳದವಡೆಯ ಮುಂದಿನ ಹಲ್ಲುಗಳು ಒಪ್ಪುವಷ್ಟು ಸಾಲಾಗಿ ಉಳಿದಿದ್ದುದು ಶೇಕಡ 10ರಷ್ಟು ಜನರಲ್ಲಿ ಮಾತ್ರ! ಕಾವಲು ದೀರ್ಘಕಾಲದ್ದಾಗಬೇಕೆಂಬ ಅಭಿಪ್ರಾಯ ಇದರಿಂದ ಬಲಗೊಂಡಿತು. ಹಲವು ವರ್ಷ ತೊಡಬೇಕಾದ ವಸ್ತುವನ್ನು ವೈದ್ಯರೊಬ್ಬರೇ ನಿರ್ಧರಿಸಿದರೆ ಸಾಕೆ? ತೊಡುವವರ ಮನಸ್ಸು ಒಪ್ಪದಿದ್ದರೆ ಅದು ಮೇಜಿನ ಡ್ರಾಯರಿನಲ್ಲಿಯೇ ಉಳಿಯುತ್ತದೆ.

2007ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 397 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಾಲೆ ತಟ್ಟೆ, ಇನ್ನೊಂದಕ್ಕೆ ಪ್ಲಾಸ್ಟಿಕ್ ರಿಟೈನರ್ ಕೊಟ್ಟರು. ಹೆಚ್ಚಿನವರ ಒಲವು ಪ್ಲಾಸ್ಟಿಕ್ಕಿನ ಕಡೆಗಿತ್ತು. ಆದರೂ ಎಲ್ಲರಿಗೂ ಇದೊಂದೇ ಶ್ರೇಷ್ಠವೆನ್ನಲು ಸಾಕಷ್ಟು ಖಚಿತ ಪುರಾವೆಯಿಲ್ಲವೆಂದು 2023ರ ಕಾಕ್ರೇನ್ ಪರಿಶೀಲನೆ ತಿಳಿಸಿತು. ನಿಮ್ಮ ಅಭಿಪ್ರಾಯಕ್ಕೆ ಬೆಲೆ ಬರುವುದು ಇಲ್ಲಿಯೇ. ಪ್ಲಾಸ್ಟಿಕ್ ಕಾಣಿಸದು, ಆದರೆ ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಹಾಲೆ ತಟ್ಟೆ ಗಟ್ಟಿ, ಆದರೆ ತಂತಿ ಕಾಣುತ್ತದೆ, ಮೊದಮೊದಲು ಮಾತು ತೊದಲುತ್ತದೆ.

ಆದ್ದರಿಂದ ಕ್ಲಿಪ್ ಬಿಚ್ಚುವ ದಿನದವರೆಗೆ ಕಾಯಬೇಡಿ; ಹಾಕಿಸುವ ಮೊದಲೇ ವೈದ್ಯರನ್ನು ಕೇಳಿ. ನನ್ನ ಹಲ್ಲಿಗೆ ಯಾವ ರಿಟೈನರ್ ಹೊಂದುತ್ತದೆ? ಎಷ್ಟು ಕಾಲ ತೊಡಬೇಕು? ಕಳೆದುಹೋದರೆ ಮತ್ತೆ ಎಷ್ಟು ವೆಚ್ಚವಾದೀತು? ಹಲ್ಲನ್ನು ಸರಿಪಡಿಸುವವರು ವೈದ್ಯರು. ಸರಿಯಾದುದನ್ನು ಕಾಯುವವರು ನೀವು.