ಸೊಮಾಲಿಯಾದಲ್ಲಿ ಕ್ಷಾಮ ಪರಿಹಾರ ಯೋಜನೆಯ ಇತಿಹಾಸ

ಆಫ್ರಿಕಾ ಖಂಡದ ಪೂರ್ವ ಅಂಚಿನ ಸೊಮಾಲಿಯಾದಲ್ಲಿ ಬರ, ಅಂತರ್ಯುದ್ಧ, ಗುಳೆ ಮೂರೂ ಒಟ್ಟಿಗೆ ಎರಗಿದಾಗ ಜನರಿಗೆ ಅನ್ನ, ನೀರು, ಔಷಧ ತಲುಪಿಸಲು 1991ರಿಂದ ಈಚೆಗೆ ರೂಪುಗೊಂಡ ವ್ಯವಸ್ಥೆಗಳ ಚರಿತ್ರೆಯಿದು. ಹಸಿವಿನ ತೀವ್ರತೆಯನ್ನು ಅಳೆಯಲು ಇಂದು ಹಲವು ದೇಶಗಳು ಬಳಸುವ ಮಾಪನ ಮೊದಲು ರೂಪುಗೊಂಡದ್ದು ಇಲ್ಲಿ. ಮುನ್ಸೂಚನೆ ಕೈಯಲ್ಲಿದ್ದೂ ಲಕ್ಷಾಂತರ ಜನರನ್ನು ಸಾಯಗೊಟ್ಟದ್ದೂ ಇಲ್ಲಿಯೇ.

ಈ ದೇಶಕ್ಕೆ ಎರಡು ಮಳೆಗಾಲ: ಏಪ್ರಿಲ್‌ನಿಂದ ಜೂನ್‌ವರೆಗಿನ ‘ಗು’, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ‘ದೈರ್’. ದಕ್ಷಿಣದಲ್ಲಿ ಜುಬಾ ಮತ್ತು ಶಬೆಲೆ ನದಿಗಳ ನಡುವಿನ ಬೇ ಪ್ರಾಂತ್ಯ ಜೋಳದ ಸೀಮೆ. ಉಳಿದೆಡೆ ಒಂಟೆ, ಮೇಕೆ, ದನಗಳೇ ಬದುಕು. ಒಂದು ಮಳೆ ಕೈಕೊಟ್ಟರೆ ಜನ ಹೇಗೋ ತಡೆದುಕೊಳ್ಳುತ್ತಾರೆ. ಮತ್ತೊಂದೂ ಹೋದರೆ ಎಲ್ಲರೂ ಒಮ್ಮೆಗೇ ಜಾನುವಾರು ಮಾರಲು ಹೊರಡುತ್ತಾರೆ, ಬೆಲೆ ಕುಸಿಯುತ್ತದೆ. ಒಂದು ಮೇಕೆ ಮಾರಿದ ದುಡ್ಡಿಗೆ ಎಷ್ಟು ಕಿಲೋ ಜೋಳ ಸಿಗುತ್ತದೆ ಎಂಬ ಸಂತೆಯ ಲೆಕ್ಕವನ್ನು ಸಮೀಕ್ಷಕರು ಇಂದಿಗೂ ಬಿಡದೆ ಬರೆದಿಡುವುದು ಈ ಕಾರಣಕ್ಕೆ.

1991ರ ಜನವರಿಯಲ್ಲಿ ಸಿಯಾದ್ ಬರೆ ಸರ್ಕಾರ ಉರುಳಿ, ಪಂಗಡಗಳ ಸೇನೆಗಳು ಬೇ ಸೀಮೆಯ ಕಣಜಗಳನ್ನು ಲೂಟಿ ಮಾಡಿದವು. ಬೈದೊವಾ ಪಟ್ಟಣದಲ್ಲಿ 1992ರಲ್ಲಿ ಸಾವು ದಿನನಿತ್ಯದ ಸಂಗತಿಯಾಯಿತು. ಕ್ಷಾಮಕ್ಕೆ ಬಲಿಯಾದವರು 2ರಿಂದ 3 ಲಕ್ಷ ಎಂದು ಅಂದಾಜು. ಧಾನ್ಯದ ಮೂಟೆ ಬಂದೂಕುಧಾರಿಗಳ ಪಾಲಾಗುತ್ತಿತ್ತು. ಆದರೆ ಬೇಯಿಸಿದ ಅನ್ನವನ್ನು ಕದ್ದು ಮಾರಲಾಗದು. ಇದನ್ನರಿತ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ನೂರಾರು ಗಂಜಿ ಕೇಂದ್ರಗಳನ್ನು ತೆರೆಯಿತು. ಆ ಕಾಲದ ಅತ್ಯಂತ ಬುದ್ಧಿವಂತ ನಿರ್ಧಾರ ಇದೇ. ಅಮೆರಿಕದ ಸೇನೆ ಡಿಸೆಂಬರ್‌ನಲ್ಲಿ ಬಂದಿಳಿಯುವಷ್ಟರಲ್ಲಿ ಸಾವಿನ ಉಬ್ಬರ ಆಗಲೇ ಇಳಿದಿತ್ತು. ಬಳಿಕ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಭಾರತದ ಸೇನಾ ಬ್ರಿಗೇಡ್ ಒಂದು ಬೈದೊವಾ ಭಾಗದಲ್ಲಿ ಕೆಲಸ ಮಾಡಿತು.

1994ರಲ್ಲಿ ಆಹಾರ ಸ್ಥಿತಿ ಸಮೀಕ್ಷೆಗೆಂದೇ ಒಂದು ಘಟಕ ಸ್ಥಾಪನೆಯಾಯಿತು. ಅದು 2004ರಲ್ಲಿ ಹಸಿವನ್ನು ಹಂತಗಳಾಗಿ ವಿಂಗಡಿಸುವ ಪದ್ಧತಿಯನ್ನು ರೂಪಿಸಿತು. ಈಗ ಹಂತಗಳು ಐದು, ಕೊನೆಯದು ಕ್ಷಾಮ. ಕ್ಷಾಮ ಎನ್ನಬೇಕಾದರೆ ಶೇ. 20 ಕುಟುಂಬಗಳಿಗೆ ಆಹಾರದ ತೀವ್ರ ಕೊರತೆ, ಶೇ. 30 ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, 10,000 ಜನರಲ್ಲಿ ದಿನಕ್ಕೆ ಇಬ್ಬರ ಸಾವು ಕಂಡುಬರಬೇಕು. ಈ ಅಳತೆಯಿಂದ ಬೇರೆ ಬೇರೆ ಸಂಸ್ಥೆಗಳು ಒಂದೇ ಭಾಷೆಯಲ್ಲಿ ಮಾತಾಡುವಂತಾಯಿತು. ಆದರೆ ಅದು ಹೇಳುವುದು ಸಾವು ಶುರುವಾದ ಮೇಲೆ. ಘೋಷಣೆಗಾಗಿ ಕಾಯುವ ಯೋಜನೆ ತಡವಾದ ಯೋಜನೆಯೇ.

2010ರ ಆಗಸ್ಟ್‌ನಿಂದಲೇ ಮಳೆ ಕೊರತೆಯ ಎಚ್ಚರಿಕೆಗಳು ಹೊರಬಿದ್ದಿದ್ದವು. ಆ ವೇಳೆಗೆ ದಕ್ಷಿಣ ಭಾಗ ಅಲ್-ಶಬಾಬ್ ಉಗ್ರರ ಹಿಡಿತದಲ್ಲಿತ್ತು. ಬೆದರಿಕೆಗೆ ಸಿಲುಕಿ ವಿಶ್ವ ಆಹಾರ ಕಾರ್ಯಕ್ರಮ ಅದೇ ವರ್ಷದ ಜನವರಿಯಲ್ಲಿ ಅಲ್ಲಿಂದ ಹೊರಬಂದಿತ್ತು. ನೆರವು ಉಗ್ರರ ಕೈಸೇರೀತೆಂಬ ಭಯದಿಂದ ಅಮೆರಿಕದ ಭಯೋತ್ಪಾದನಾ ನಿಗ್ರಹ ಕಾನೂನುಗಳೂ ಹಣದ ಹರಿವನ್ನು ಬಿಗಿಗೊಳಿಸಿದವು. ವಿಶ್ವಸಂಸ್ಥೆ 2011ರ ಜುಲೈ 20ರಂದು ದಕ್ಷಿಣ ಬಕೂಲ್ ಮತ್ತು ಲೋವರ್ ಶಬೆಲೆಯಲ್ಲಿ ಕ್ಷಾಮ ಘೋಷಿಸಿತು. 2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗೆ ಸತ್ತವರು ಸುಮಾರು 2,58,000, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಕಾಲ್ನಡಿಗೆಯಲ್ಲಿ ಕೀನ್ಯಾದ ಗಡಿ ದಾಟಿದವರಿಂದ ದದಾಬ್ ಶಿಬಿರ ಕಿಕ್ಕಿರಿಯಿತು. 90,000 ಜನರಿಗೆಂದು ಕಟ್ಟಿದ ಜಾಗದಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ತುಂಬಿದರು. ಇಂಥ ಇಕ್ಕಟ್ಟಿನಲ್ಲಿ ಹಸಿವಿನಷ್ಟೇ ದಡಾರ, ಕಾಲರಾ ಕೂಡ ಕೊಲ್ಲುತ್ತವೆ. ಲಸಿಕೆ ಮತ್ತು ಶುದ್ಧ ನೀರನ್ನು ಆಹಾರದ ನಂತರದ ಕೆಲಸ ಎಂದು ಬಗೆಯುವಂತಿಲ್ಲ.

ಲಾರಿಗಳು ಹೋಗಲಾಗದ ಊರುಗಳಿಗೂ ಹಣ ಹೋಗುತ್ತಿತ್ತು. ಬ್ಯಾಂಕುಗಳು ಇಲ್ಲವೆನ್ನುವಷ್ಟು ವಿರಳವಾಗಿದ್ದ ದೇಶದಲ್ಲಿ, ವಿದೇಶದಲ್ಲಿರುವ ಬಂಧುಗಳು ಕಳಿಸುವ ದುಡ್ಡು ಹೆಚ್ಚಾಗಿ ಹವಾಲಾ ವ್ಯಾಪಾರಿಗಳ ಮೂಲಕವೇ ಬರುತ್ತಿತ್ತು. ಸಂತೆಗಳಲ್ಲಿ ಧಾನ್ಯವೂ ಸಿಗುತ್ತಿತ್ತು, ಕೊಳ್ಳುವ ಶಕ್ತಿ ಮಾತ್ರ ಇರಲಿಲ್ಲ. ಹಾಗಾಗಿ ಸ್ವಯಂಸೇವಾ ಸಂಸ್ಥೆಗಳು 2011ರಲ್ಲಿ ಇದೇ ದಾರಿಯಲ್ಲಿ ಕುಟುಂಬಗಳಿಗೆ ನಗದು ತಲುಪಿಸಿದವು. ಇನ್ನೂ ಮೊದಲೇ ಆರಂಭಿಸಿದ್ದರೆ ಬಹಳಷ್ಟು ಜೀವ ಉಳಿಯುತ್ತಿತ್ತು.

2016ರ ಕೊನೆಯ ದೈರ್ ಮಳೆ ವಿಫಲವಾದಾಗ 2011ರ ನೆನಪು ಹಸಿಯಾಗಿತ್ತು. ಅಧ್ಯಕ್ಷ ಫರ್ಮಾಜೊ 2017ರ ಫೆಬ್ರವರಿಯಲ್ಲಿ ಬರವನ್ನು ರಾಷ್ಟ್ರೀಯ ವಿಪತ್ತೆಂದು ಸಾರಿದರು. ಈ ಸಲ ದಾನಿ ದೇಶಗಳ ಹಣ ಬೇಗ ಬಂತು, ಕ್ಷಾಮ ತಪ್ಪಿತು. 2020ರ ಕೊನೆಯಿಂದ ಸತತ ಐದು ಮಳೆಗಾಲಗಳು ಕೈಕೊಟ್ಟವು. ಉಕ್ರೇನ್ ಯುದ್ಧದಿಂದ ಗೋಧಿ ತುಟ್ಟಿಯಾಯಿತು. 2022ರಲ್ಲಿ ಬೈದೊವಾ, ಬುರ್ಹಕಬ ಪ್ರದೇಶಗಳಿಗೆ ಕ್ಷಾಮದ ಮುನ್ಸೂಚನೆ ಬಂದರೂ ಘೋಷಣೆಯ ಹಂತ ಮುಟ್ಟಲಿಲ್ಲ. ಹಾಗಿದ್ದೂ ಆ ಒಂದೇ ವರ್ಷ ಸುಮಾರು 43,000 ಮಂದಿ ಹೆಚ್ಚುವರಿಯಾಗಿ ಸತ್ತರೆಂದು ನಂತರದ ಅಧ್ಯಯನ ಅಂದಾಜಿಸಿತು. ‘ಕ್ಷಾಮ ತಪ್ಪಿಸಲಾಯಿತು’ ಎಂಬ ವರದಿಯ ಪಕ್ಕದಲ್ಲೇ ಈ ಸಂಖ್ಯೆಯನ್ನೂ ಬರೆಯಬೇಕು.

ಗುಳೆ ಬಂದವರ ನೆಲೆ ಇನ್ನೂ ಬಗೆಹರಿಯದ ಪ್ರಶ್ನೆ. ಬೈದೊವಾ, ಮೊಗದಿಶು ಸುತ್ತಿನ ಗುಡಿಸಲುಗಳು ಬಹುಪಾಲು ಖಾಸಗಿ ಜಮೀನಿನಲ್ಲಿವೆ. ಮಾಲೀಕ ಹೇಳಿದ ದಿನ ಎತ್ತಂಗಡಿ. ಶಿಬಿರ ನಡೆಸುವ ಮಧ್ಯವರ್ತಿಗಳು ನೆರವಿನಲ್ಲಿ ಪಾಲು ಕೀಳುತ್ತಾರೆ. 1992ರಲ್ಲೂ 2011ರಲ್ಲೂ ಹೆಚ್ಚು ಸತ್ತವರು ಶಸ್ತ್ರಬಲವಿಲ್ಲದ ರಹನ್ವೆಯ್ನ್ ಮತ್ತು ಬಾಂಟು ಸಮುದಾಯಗಳ ರೈತಾಪಿಗಳು. ಈ ಶಿಬಿರಗಳಲ್ಲಿರುವವರಲ್ಲಿಯೂ ಅವರ ಸಂಖ್ಯೆ ದೊಡ್ಡದು. ಬೈದೊವಾದ ಹೊರವಲಯದ ಬರ್ವಾಖೊ ಬಡಾವಣೆಯಲ್ಲಿ 2019ರಿಂದ ಸಾರ್ವಜನಿಕ ಜಮೀನಿನಲ್ಲಿ ಇಂಥ ಕುಟುಂಬಗಳಿಗೆ ನಿವೇಶನ ಕೊಟ್ಟು, ಹಕ್ಕುಪತ್ರ ನೀಡುವ ಕೆಲಸ ಆರಂಭವಾಗಿದೆ.