ಪ್ರೇಮಲೋಕದ ಕ್ಯಾಸೆಟ್ಟು

ಈಗಿನ ಹುಡುಗ್ರು ಸದಾ ಕಿವ್ಯಾಗ ಏನರೆ ಸಿಗಿಸಿಕೊಂಡು ಹಾಡು ಕೇಳತಾವ ಅಂತ ಬೈತೀವಲ್ಲ ವೈನಿ, 1987ರಾಗ ನಮ್ಮನ್ನೂ ಹಿಂಗ ಬೈದಾರ. ಆಗ ನನಗ 13 ವರ್ಷ. ಆ ವರ್ಷ 'ಪ್ರೇಮಲೋಕ' ಬಂತು. ರವಿಚಂದ್ರನ್, ಜೂಹಿ ಚಾವ್ಲಾ, ಹಂಸಲೇಖ ಅವರ ಹಾಡು. ಸಿನಿಮಾಕ್ಕ ನಮ್ಮನ್ನ ಕಳಸಲಿಲ್ಲ. ಆದ್ರ ಹಾಡು ತಡಿಯೋದು ಯಾರ ಕಡೆಯಿಂದಲೂ ಆಗಲಿಲ್ಲ.

ಯಾಕಂದ್ರ ಅಷ್ಟೊತ್ತಿಗೆ ಟೇಪ್ ರೆಕಾರ್ಡರ್ ಬಂದಿತ್ತು. ಅದಕ್ಕಿಂತ ಮೊದಲು ಹಾಡು ಅಂದ್ರ ರೇಡಿಯೋ. ಧಾರವಾಡ ಆಕಾಶವಾಣಿಯವರು ಹಾಕಿದ್ದ ಹಾಡು, ಅವರು ಹಾಕಿದಾಗ. ನಡುವ ಕುಕ್ಕರ್ ಸೀಟಿ ಹೊಡೀತೋ, ಆ ಸಾಲು ಹೋತು. ಗ್ರಾಮಫೋನು ರೊಕ್ಕಸ್ಥರ ಮನ್ಯಾಗಷ್ಟ. ಎಚ್‌ಎಂವಿಯದ ರಾಜ್ಯ ಇದ್ದ ಆ ಧಂದೆಕ್ಕ ಟಿ-ಸೀರೀಸ್, ನಮ್ಮ ಕಡೆ ಲಹರಿಯಂಥ ಹೊಸ ಕಂಪನಿಗಳು ಇಳದು ಕ್ಯಾಸೆಟ್ ಮಾರಲಿಕ್ಕೆ ಶುರು ಮಾಡಿದ್ವು. ಪ್ರೇಮಲೋಕದ ಕ್ಯಾಸೆಟ್ಟೂ ಲಹರಿಯವರದ. ಹಿಂದಕ್ಕ ತಿರುಗಿಸಿ ಮತ್ತ ಕೇಳೋದು ಬಂತು ನೋಡ್ರಿ, ಅದು ಸಣ್ಣ ಮಾತಲ್ಲ. ನಮ್ಮ ಮನ್ಯಾಗ ಯಾವ ಹಾಡು ಹಚ್ಚಬೇಕು ಅಂತ ಒಂದು ಹುಡುಗಿ ಹೇಳಿದ್ದು ಆವಾಗಲೇ ಮೊದಲು.

ಹಂಸಲೇಖ ಅವರದು ರಾಗನೂ ಅವರದ, ಸಾಹಿತ್ಯನೂ ಅವರದ. ಹಿರ್ಯಾರಿಗೆ ಸಿಟ್ಟು ಬಂದಿದ್ದು ಸಾಹಿತ್ಯಕ್ಕ. ಅಲ್ಲೀತನಕ ಹಾಡಿನ್ಯಾಗ ಪ್ರೇಮ ಅಂದ್ರ ಚಂದ್ರ, ತಾವರಿ, ದುಂಬಿ. ಇವರು ಕಾಲೇಜ್ ಹುಡುಗ್ರು ಮಾತಾಡೋ ಹಂಗ, ಕಾಡಸೋ ಹಂಗ ಬರದ್ರು. ಖರೇ ಹೇಳಬೇಕಂದ್ರ ಅದು ನಮ್ಮ ಮಾತೂ ಅಲ್ಲ, ಬೆಂಗಳೂರು ಕಡೇದು. ಅದನ್ನ ಬಾಯಿಪಾಠ ಮಾಡಿ ನಾವು 'ಯಾಕ' ಬಿಟ್ಟು 'ಯಾಕೆ' ಅನ್ನಲಿಕ್ಕೆ ಹತ್ತಿದ್ವಿ. "ಏನವಾ, ನಿನ್ನ ಬೆಂಗಳೂರಿಗೆ ಕೊಟ್ಟಾರೇನು?" ಅಂತ ಅಜ್ಜಿ ಅಣಕಿಸತಿದ್ಲು.

ಅಜ್ಜಿಗೆ ಶುಕ್ರವಾರದ ಹಾಡು, ತೊಟ್ಟಿಲ ಹಾಡು, ಬೀಗರ ಹಾಡು ಎಲ್ಲಾ ಬಾಯಾಗ. ಒಂದೂ ಬರದಿಟ್ಟಿರಲಿಲ್ಲ. ಒಂದು ದೀಪಾವಳಿಗೆ ಕಾಕಾ ಖಾಲಿ ಕ್ಯಾಸೆಟ್ ಸಿಗಲಿಲ್ಲಂತ ನನ್ನ ಪ್ರೇಮಲೋಕಕ್ಕ ಕೈ ಹಾಕಿದ. ಕ್ಯಾಸೆಟ್ಟಿನ ಮ್ಯಾಲಿನ ಅಂಚಿಗೆ ಇರೋ ತೂತಿಗೆ ಅಂಟಿನ ಪಟ್ಟಿ ಹಚ್ಚಿದ್ರ ಎಂಥಾದ್ದರಾಗೂ ಹೊಸದು ತುಂಬಬಹುದು, ನಿಮಗೂ ನೆನಪಿರಬೇಕು. ಅಜ್ಜಿ ಹಾಡು ತುಂಬೇಬಿಟ್ಟ. ನಾ ಎರಡು ದಿನ ಕಾಕಾನ ಜೋಡಿ ಮಾತು ಬಿಟ್ಟಿದ್ದೆ.

ಈಗ ಅಜ್ಜಿ ದನಿ ಉಳದಿದ್ದು ಅದೊಂದರಾಗ. ಹ್ವಾದ ತಿಂಗಳು ವೈನಿ ಮಗಳ ಲಗ್ನಕ್ಕ ಬೀಗರ ಹಾಡು ಬೇಕಾಗಿ ಅದನ್ನ ಕಂಪ್ಯೂಟರಿಗೆ ಇಳಿಸಿದ್ವಿ. 20 ನಿಮಿಷ ಅಜ್ಜಿ ಹಾಡತಾಳ, ನಡುವ ಕೆಮ್ಮತಾಳ, "ಸಾಕೇನೋ?" ಅಂತ ಕೇಳತಾಳ. ಟಕ್ ಅಂತದ. ಆಮ್ಯಾಲೆ ಅರ್ಧ ಹಾಡಿನಿಂದ ಎಸ್. ಜಾನಕಿ ಶುರು ಆಗತಾರ.

ಯಾರ್‍ಯಾರಿಗೆ ಬೇಕು ಹೇಳ್ರಿ, ಫೋನಿಗೆ ಕಳಸತೀನಿ. ಜಾನಕಿಯವರದನ್ನ ಕತ್ತರಿಸಿಲ್ಲ.